ಆ ಅಜ್ಜಿಯನ್ನು ಎಲ್ಲಿ ಬಿಟ್ಟು ಬಂದ್ರಿ, ಬಾರ್ನಮ್ ಸಾಹೇಬ್ರೇ?

ಮೊದಲೇ ಒಪ್ಕೊಂಡುಬಿಡ್ತೀನಿ. ಹಾಡುಗಳು ಚೆನ್ನಾಗಿವೆ. ‘ದಿ ಗ್ರೇಟೆಸ್ಟ್ ಶೋಮನ್’ ನೋಡಿ ಹೊರಬಂದ ದಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಾಲ್ಕು ಸಲ ಹಸಿರು ಬಂದು ಹೋದರೂ ನನಗೆ ಬೇಜಾರಾಗಲಿಲ್ಲ. ಸ್ಟೀರಿಂಗ್ ಮೇಲೆ ತಾಳ ಹಾಕ್ತಾ ಕೂತಿದ್ದೆ. ಹ್ಯೂ ಜಾಕ್‌ಮನ್ ಕೆಂಪು ಕೋಟು ತೊಟ್ಟು ಕುಣಿದರೆ ಯಾರ ಕಾಲು ತಾನೇ ಸುಮ್ಮನಿರುತ್ತೆ? ಹಾಗಾಗಿ ಸಿನಿಮಾ ಬೋರು ಅನ್ನೋದು ನನ್ನ ದೂರಲ್ಲ. ಅದು ಇಷ್ಟು ಚೆನ್ನಾಗಿದೆ ಅನ್ನೋದೇ ನನ್ನ ದೂರು.

ನಮ್ಮ ಕಂಪನಿಯವರು ಒಂದು ಶುಕ್ರವಾರ ಇಡೀ ಡಿಪಾರ್ಟ್‌ಮೆಂಟಿಗೆ ಟಿಕೆಟ್ ಕೊಡಿಸಿ, ಪಾಪ್‌ಕಾರ್ನ್ ಕೊಡಿಸಿ ಈ ಸಿನಿಮಾ ತೋರಿಸಿದರು. ಆಮೇಲೆ ಮೇಲ್ ಬಂತು: ‘ನಾವೆಲ್ಲ ವಿಭಿನ್ನ, ನಾವೆಲ್ಲ ಒಂದೇ ಕುಟುಂಬ’. ಆ ವರ್ಷದ ಆನ್ಯುಯಲ್ ಡೇಗೆ ‘ದಿಸ್ ಈಸ್ ಮಿ’ ಹಾಡಿಗೆ ಗ್ರೂಪ್ ಡ್ಯಾನ್ಸೂ ಆಯ್ತು. ನಿಮ್ಮ ಆಫೀಸಿನಲ್ಲೂ ಆಗಿರಬೇಕು. ಆಗಿಲ್ಲ ಅಂದ್ರೆ ನಿಮ್ಮ ಎಚ್‌ಆರ್‌ನವರು ರಜೆಯಲ್ಲಿದ್ದರು ಅಂತ ಅರ್ಥ.

ನೋಡದೇ ಇರೋರಿಗೆ ಕಥೆ ಚಿಕ್ಕದಾಗಿ ಹೇಳ್ತೀನಿ. ಬಡ ದರ್ಜಿಯ ಮಗ ಪಿ. ಟಿ. ಬಾರ್ನಮ್. ಶ್ರೀಮಂತರ ಮನೆ ಹುಡುಗಿಯನ್ನು ಮದುವೆಯಾಗ್ತಾನೆ. ಗುಮಾಸ್ತನ ಕೆಲಸ ಹೋಗುತ್ತೆ. ಮುಳುಗಿಹೋದ ಹಡಗುಗಳ ಕಾಗದಪತ್ರ ತೋರಿಸಿ ಬ್ಯಾಂಕಿನಲ್ಲಿ ಸಾಲ ಎತ್ತಿ ಮ್ಯೂಸಿಯಂ ಕೊಳ್ತಾನೆ. ಸಮಾಜ ಮೂಲೆಗೆ ತಳ್ಳಿದವರನ್ನೆಲ್ಲ, ಅಂದ್ರೆ ಗಡ್ಡ ಬೆಳೆದ ಹೆಂಗಸು, ಮೂರಡಿಯೂ ಎತ್ತರವಿಲ್ಲದ ಯುವಕ, ಕಪ್ಪು ವರ್ಣದ ಟ್ರಾಪೀಜ್ ಕಲಾವಿದರು, ಎಲ್ಲರನ್ನೂ ಹುಡುಕಿ ತಂದು ವೇದಿಕೆ ಹತ್ತಿಸ್ತಾನೆ. ಹೊರಗಿನ ಪುಂಡರು ಕಲ್ಲು ತೂರ್ತಾರೆ, ಬೆಂಕಿ ಇಡ್ತಾರೆ. ಒಳಗಿನವರು ಹಾಡ್ತಾರೆ. ಸುಖಾಂತ್ಯ. 8.4 ಕೋಟಿ ಡಾಲರ್ ಸುರಿದು ಮಾಡಿದ ಸಿನಿಮಾ, ಗಳಿಸಿದ್ದು 43 ಕೋಟಿ ಡಾಲರಿಗೂ ಹೆಚ್ಚು. ಹಾಡಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ.

ಈಗ ಬಾರ್ನಮ್ ಮೊದಲ ಸಲ ‘ಶೋ’ಗೆ ಹಾಕಿದ ದುಡ್ಡಿನ ಲೆಕ್ಕ ನೋಡೋಣ. ಹಡಗಿನ ಕಾಗದದ ಕಥೆ ಬಿಟ್ಟಾಕಿ, ಅದು ಹಾಲಿವುಡ್ಡಿನದು. ನಿಜವಾದ ವ್ಯವಹಾರ ನಡೆದದ್ದು 1835ರಲ್ಲಿ. ಅವನಿಗೆ ಆಗ 25 ವರ್ಷ, ಹೆಚ್ಚುಕಡಿಮೆ ನಮ್ಮಲ್ಲಿ ಹುಡುಗರು ಎರಡನೇ ಕಂಪನಿಗೆ ಜಂಪ್ ಹೊಡೆಯೋ ವಯಸ್ಸು. ಕೈಯಲ್ಲಿ 500 ಡಾಲರ್ ಇತ್ತು, ಇನ್ನೊಂದು 500 ಸಾಲ ಮಾಡಿದ. ಒಟ್ಟು ಸಾವಿರ ಡಾಲರ್ ಕೊಟ್ಟು ಪಡೆದದ್ದು ಮ್ಯೂಸಿಯಮ್ಮನ್ನಲ್ಲ, ಒಬ್ಬ ಅಜ್ಜಿಯನ್ನು.

ಆಕೆಯ ಹೆಸರು ಜಾಯ್ಸ್ ಹೆತ್. ಕಪ್ಪು ವರ್ಣದ ಗುಲಾಮ ಹೆಂಗಸು. ಕಣ್ಣು ಕಾಣ್ತಿರಲಿಲ್ಲ, ಮೈಗೆ ಲಕ್ವ ಹೊಡೆದಿತ್ತು, ಹಲ್ಲಿರಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ 1827ಕ್ಕೇ ರದ್ದಾಗಿತ್ತು. ಹಾಗಾಗಿ ಕಾಗದದ ಮೇಲೆ ಅದು ‘ಪ್ರದರ್ಶನದ ಹಕ್ಕು’. ಕಾನೂನಿನ ಸಂದಿಯಲ್ಲಿ ನುಸುಳೋದು ಇವತ್ತಿನ ಸ್ಟಾರ್ಟಪ್ಪಿನವರು ಕಂಡುಹಿಡಿದ ವಿದ್ಯೆ ಅಂದ್ಕೊಂಡಿದ್ರಾ? ಬಾರ್ನಮ್ ಪೋಸ್ಟರ್ ಅಂಟಿಸಿದ: ಈಕೆಗೆ 161 ವರ್ಷ, ಜಾರ್ಜ್ ವಾಷಿಂಗ್ಟನ್ನನನ್ನು ಎತ್ತಿ ಆಡಿಸಿದ ದಾದಿ! ಜನ ಸಾಲುಗಟ್ಟಿ ಬಂದರು. ಆಕೆ ಪುಟ್ಟ ಜಾರ್ಜನ ಕಥೆ ಹೇಳಬೇಕು, ಭಕ್ತಿಗೀತೆ ಹಾಡಬೇಕು. ವಾರಕ್ಕೆ ಸುಮಾರು 1500 ಡಾಲರ್ ವಸೂಲಿ ಅಂತ ಅವನ ಆತ್ಮಕಥೆಯಲ್ಲೇ ಲೆಕ್ಕವಿದೆ. ಒಂದೇ ವಾರಕ್ಕೆ ಹಾಕಿದ ಬಂಡವಾಳ ವಾಪಸ್ಸು, ಮೇಲೆ ಲಾಭ!

ಬಾಸ್ಟನ್ನಿನಲ್ಲಿ ಜನ ಕಡಿಮೆಯಾಗತೊಡಗಿದಾಗ ಪತ್ರಿಕೆಯಲ್ಲಿ ಒಂದು ಅನಾಮಧೇಯ ಪತ್ರ ಬಂತು: ಆಕೆ ಮನುಷ್ಯಳೇ ಅಲ್ಲ, ತಿಮಿಂಗಿಲದ ಮೂಳೆ, ರಬ್ಬರು, ಸ್ಪ್ರಿಂಗುಗಳಿಂದ ಮಾಡಿದ ಯಂತ್ರ ಅಂತ. ಬರೆಸಿದವನು ಬಾರ್ನಮ್ಮೇ. ಒಮ್ಮೆ ನೋಡಿದವರು ಮತ್ತೆ ಟಿಕೆಟ್ ಕೊಂಡು ಬಂದರು, ಈ ಸಲ ಆ ಮುದುಕಿ ಯಂತ್ರವೋ ಮನುಷ್ಯಳೋ ಅಂತ ಪರೀಕ್ಷಿಸಲಿಕ್ಕೆ. 

1836ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು. ಅಲ್ಲಿಗಾದರೂ ಮುಗೀತಾ? ಇಲ್ಲ. ನ್ಯೂಯಾರ್ಕಿನ ಒಂದು ಸಲೂನಿನಲ್ಲಿ (ನಮ್ಮ ಕಟಿಂಗ್ ಶಾಪ್ ಅಲ್ಲ) ಸಾರ್ವಜನಿಕರ ಮುಂದೆ ಆಕೆಯ ಪೋಸ್ಟ್‌ಮಾರ್ಟಂ ಇಟ್ಟ. ಟಿಕೆಟ್ ದರ 50 ಸೆಂಟ್. ಬಂದವರು ಸುಮಾರು 1500 ಮಂದಿ. ಲೆಕ್ಕ ಹಾಕಿ, 750 ಡಾಲರ್. ಸತ್ತ ಮೇಲೂ ಆ ಅಜ್ಜಿ ದುಡಿದುಕೊಟ್ಟಳು. ಕೊಯ್ದು ನೋಡಿದ ವೈದ್ಯರು ವಯಸ್ಸು 80 ದಾಟಿರಲಿಕ್ಕಿಲ್ಲ ಅಂದರು. ಆಗ ಬಾರ್ನಮ್ಮನ ಕಡೆಯವನೊಬ್ಬ ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯ ಸಂಪಾದಕನ ಕಿವಿಯಲ್ಲಿ ಮತ್ತೊಂದು ಬುರುಡೆ ಊದಿದ: ಕೊಯ್ದದ್ದು ಬೇರೆ ಯಾರದೋ ಹೆಣ, ಜಾಯ್ಸ್ ಹೆತ್ ಇನ್ನೂ ಬದುಕಿದ್ದಾಳೆ. ಪತ್ರಿಕೆ ಅದನ್ನೂ ಅಚ್ಚು ಹಾಕಿತು.

ಆ ಸಂಪಾದಕ ಜೇಮ್ಸ್ ಗಾರ್ಡನ್ ಬೆನೆಟ್. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಸಿನಿಮಾದಲ್ಲಿ ಬಾರ್ನಮ್ಮನ ಶೋವನ್ನು ಮೂಗು ಮುರಿದು ಬೈಯುವ, ಕೊನೆಗೆ ಸುಟ್ಟ ಕಟ್ಟಡದ ಮುಂದೆ ಕೂತು ಮೆಚ್ಚುಗೆಯ ನಾಲ್ಕು ಮಾತಾಡುವ ವಿಮರ್ಶಕ ಇದ್ದಾನಲ್ಲ, ಅವನೇ. ಅಂದ್ರೆ ಸ್ಕ್ರಿಪ್ಟ್ ಬರೆದವರು ಬೆನೆಟ್ಟನನ್ನು ಇತಿಹಾಸದಿಂದ ಎತ್ತಿ ತಂದರು. ಅವನ ಪತ್ರಿಕೆಯಲ್ಲಿ ಸುಳ್ಳು ಸುದ್ದಿಯಾದ ಅಜ್ಜಿಯನ್ನು ಅಲ್ಲೇ ಬಿಟ್ಟು ಬಂದರು. ಇದನ್ನು ಅಜ್ಞಾನ ಅಂತ ನಾನು ಒಪ್ಪಲ್ಲ. ಮದುವೆ ಆಲ್ಬಂನಿಂದ ಒಬ್ಬರನ್ನು ಕತ್ತರಿಸಿ ತೆಗೆಯಬೇಕಾದರೆ ಅವರು ಎಲ್ಲಿ ನಿಂತಿದ್ದಾರೆ ಅನ್ನೋದು ಕತ್ತರಿ ಹಿಡಿದವರಿಗೆ ಗೊತ್ತಿರಲೇಬೇಕು.

ಇನ್ನು ಜನರಲ್ ಟಾಮ್ ಥಂಬ್. ನಿಜ ಹೆಸರು ಚಾರ್ಲ್ಸ್ ಸ್ಟ್ರಾಟನ್. ಬಾರ್ನಮ್ ಅವನನ್ನು ಕೆಲಸಕ್ಕೆ ತಗೊಂಡಾಗ ಅವನಿಗೆ ನಾಲ್ಕು ವರ್ಷ. ನಾಲ್ಕೇ ವರ್ಷದ ಮಗು ಚಿಕ್ಕದಾಗಿರೋದರಲ್ಲಿ ವಿಶೇಷ ಏನಿದೆ ಅಂತ ಜನ ಕೇಳ್ತಾರಲ್ಲ, ಅದಕ್ಕೆ ಪೋಸ್ಟರಿನಲ್ಲಿ 11 ಅಂತ ಹಾಕಿಸಿದ. ಶುರುವಿನಲ್ಲಿ ವಾರಕ್ಕೆ ಮೂರು ಡಾಲರ್ ಸಂಬಳ. ಆ ಮಗು ಜನರೆದುರು ಚುಟ್ಟಾ ಸೇದಬೇಕು, ವೈನ್ ಕುಡಿಯಬೇಕು, ನೆಪೋಲಿಯನ್ನನ ವೇಷ ಹಾಕಬೇಕು. ಸಿನಿಮಾದಲ್ಲಿ ಇದೇ ಸ್ಟ್ರಾಟನ್ನಿಗೆ 22 ವರ್ಷ. ಬಾರ್ನಮ್ ನಾಲ್ಕನ್ನು ಹನ್ನೊಂದು ಮಾಡಿದ, ಹಾಲಿವುಡ್ ಹನ್ನೊಂದನ್ನು ಇಪ್ಪತ್ತೆರಡು ಮಾಡಿತು. ಗುರುವನ್ನು ಮೀರಿಸಿದ ಶಿಷ್ಯ ಅಂದ್ರೆ ಇದು. ನಾಲ್ಕು ವರ್ಷದ ಮಗುವಿಗೆ ಚುಟ್ಟಾ ಕೊಡುವ ನಾಯಕನನ್ನು ನೀವು ಕ್ಷಮಿಸಲ್ಲ, 22ರ ಯುವಕನಿಗೆ ಕೆಲಸ ಕೊಡುವ ನಾಯಕನಿಗೆ ಚಪ್ಪಾಳೆ ಹೊಡೀತೀರಿ. ಆ ಒಂದು ಅಂಕಿ ಬದಲಾದರೆ ಇಡೀ ಸಿನಿಮಾ ಬದಲಾಗುತ್ತೆ ಅಂತ ಅವರಿಗೂ ಗೊತ್ತಿತ್ತು.

ವರ್ಣದ ವಿಷಯ ಇನ್ನೂ ಜಾಣತನದ್ದು. ಸಿನಿಮಾದಲ್ಲಿ ವರ್ಣಭೇದ ಮಾಡುವವರು ಯಾರು? ಬೀದಿಯ ಪುಂಡರು, ಕಾರ್ಲೈಲನ ಸಿರಿವಂತ ಅಪ್ಪ ಅಮ್ಮ. ಅಂದ್ರೆ ಕೆಟ್ಟದ್ದೆಲ್ಲ ಡೇರೆಯ ಹೊರಗೆ, ಒಳಗೆ ಸಮಾನತೆಯ ಸ್ವರ್ಗ. (ಕಾರ್ಲೈಲೂ ಕಾಲ್ಪನಿಕ, ಅವನು ಪ್ರೀತಿಸುವ ಟ್ರಾಪೀಜ್ ಹುಡುಗಿಯೂ ಕಾಲ್ಪನಿಕ.) ನಿಜದಲ್ಲಿ ವರ್ಣಭೇದ ಡೇರೆಯ ಒಳಗೇ ಟಿಕೆಟ್ಟಿಗೆ ಮಾರಾಟಕ್ಕಿತ್ತು. 1860ರಲ್ಲಿ, ಡಾರ್ವಿನ್ನನ ಪುಸ್ತಕ ಬಂದ ಮರುವರ್ಷವೇ, ಬಾರ್ನಮ್ ಒಬ್ಬ ಕಪ್ಪು ವರ್ಣೀಯನಿಗೆ ತುಪ್ಪಳದ ಉಡುಪು ತೊಡಿಸಿ ಮನುಷ್ಯನಿಗೂ ಮಂಗನಿಗೂ ನಡುವಿನ ಜೀವಿ ಅಂತ ನಿಲ್ಲಿಸಿದ. ಆ ಶೋನ ಹೆಸರು ‘ಇದೇನು?’. ‘ಇವನು ಯಾರು?’ ಅಂತ ಅಲ್ಲ, ಗಮನಿಸಿ.

1884ರಲ್ಲಿ ಅವನ ಸರ್ಕಸ್ಸು ಜಗತ್ತಿನ ‘ಕಾಡು ಜನಾಂಗ’ಗಳ ಮೇಳ ಅಂತ ಮಾಡಿತು. ಜುಲುಗಳು, ನ್ಯೂಬಿಯನ್ನರು, ಆಸ್ಟ್ರೇಲಿಯಾದ ಮೂಲನಿವಾಸಿಗಳ ಜೊತೆ ಅಲ್ಲಿ ನಮ್ಮ ನೀಲಗಿರಿಯ ತೋಡರೂ ಇದ್ದರು. ಹೌದು, ಲಾಂಗ್ ವೀಕೆಂಡಿಗೆ ಬಂಡೀಪುರ ದಾಟಿ ಊಟಿಗೆ ಹೋದಾಗ ನಾವು ಯಾರ ಗುಡಿಸಲಿನ ಮುಂದೆ ಫೋಟೋ ತೆಗೆಸಿಕೊಳ್ತೀವೋ, ಅದೇ ಜನ. ಆಸ್ಟ್ರೇಲಿಯಾದ ಗುಂಪಿನಲ್ಲಿ ಟ್ಯಾಂಬೋ ಅನ್ನುವ ಯುವಕನಿದ್ದ. ಅದೇ ವರ್ಷ ಕ್ಲೀವ್‌ಲ್ಯಾಂಡಿನಲ್ಲಿ ಸತ್ತ. ಅವನ ಹೆಣಕ್ಕೆ ಔಷಧಿ ಹಾಕಿ ಕೆಡದಂತೆ ಮಾಡಿ ಪ್ರದರ್ಶನಕ್ಕಿಟ್ಟರು. ಅದು 1993ರಲ್ಲಿ ಅದೇ ಊರಲ್ಲಿ ಸಿಕ್ಕಿ, ಆಮೇಲೆ ಆಸ್ಟ್ರೇಲಿಯಾದ ಪಾಮ್ ದ್ವೀಪಕ್ಕೆ ಹೋಗಿ ಮಣ್ಣು ಕಂಡಿತು. ಒಬ್ಬ ಮನುಷ್ಯ ಮನೆಗೆ ಹೋಗಲಿಕ್ಕೆ ನೂರು ವರ್ಷದ ಮೇಲೆ ಹಿಡಿಯಿತು. ಕೆಂಪು ಕೋಟಿನ ನಾಯಕ ಮಾತ್ರ ಸಿನಿಮಾದ ಕೊನೆಗೆ ಆನೆ ಹತ್ತಿ ಮಗಳ ಬ್ಯಾಲೆ ಕಾರ್ಯಕ್ರಮಕ್ಕೆ ಸರಿಯಾದ ಟೈಮಿಗೆ ತಲುಪ್ತಾನೆ.

ಇನ್ನೊಂದು ವಿಷಯ. ಬಾರ್ನಮ್ ಸರ್ಕಸ್ಸಿಗೆ ಇಳಿದದ್ದು 60ರ ಆಸುಪಾಸಿನಲ್ಲಿ, 1870ರ ನಂತರ. ಅದಕ್ಕೂ ಮುಂಚಿನ 35 ವರ್ಷ ಅವನ ಕಸುಬು ಇದೇ, ಬುರುಡೆ ಮತ್ತು ಮನುಷ್ಯರ ಪ್ರದರ್ಶನ. ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ 1851ರಲ್ಲಿ ಅವನನ್ನು ಬಿಟ್ಟು ಹೋದದ್ದು ಪ್ರೇಮಭಂಗದಿಂದಲ್ಲ, ಅವನ ಪ್ರಚಾರದ ಹುಚ್ಚಾಟ ಸಾಕಾಗಿ. ತನಗೆ ಬಂದ ದುಡ್ಡನ್ನು ಶಾಲೆಗಳಿಗೆ, ದಾನಕ್ಕೆ ಕೊಡುತ್ತಿದ್ದ ಹೆಂಗಸು ಆಕೆ. ಸಿನಿಮಾ ಅವಳನ್ನು ಮದುವೆಯಾದ ಗಂಡಸಿಗೆ ವೇದಿಕೆ ಮೇಲೆ ಮುತ್ತಿಟ್ಟು ಓಡಿಹೋಗುವವಳನ್ನಾಗಿ ಮಾಡಿತು. ನಾಯಕನ ಮುಖ ಉಳಿಸಲಿಕ್ಕೆ ಯಾರ ಮುಖಕ್ಕೆ ಬೇಕಾದರೂ ಮಸಿ ಬಳೀಬಹುದು.

ಇಷ್ಟು ಹೇಳಿದರೆ ಫ್ರೆಂಡ್ಸ್ ಗ್ರೂಪಿನಲ್ಲಿ ಮೂರು ಉತ್ತರ ಖಾಯಂ.

ಮೊದಲನೇದು: ‘ಮಗಾ, ಅದು ಮ್ಯೂಸಿಕಲ್ಲು, ಡಾಕ್ಯುಮೆಂಟರಿ ಅಲ್ಲ. ಸುಳ್ಳು ಅಂತ ಎಲ್ಲರಿಗೂ ಗೊತ್ತು.’ ಸರಿ. ನಮ್ಮೂರ ಜಾತ್ರೆಯಲ್ಲಿ ನಾಗಕನ್ಯೆಯ ಡೇರೆ ಬರ್ತಿತ್ತು. ಎರಡು ರೂಪಾಯಿ ಕೊಟ್ಟರೆ ಹುಡುಗಿಯ ತಲೆ, ಹಾವಿನ ಮೈ. ಅವಳ ಕಾಲು ಮೇಜಿನ ಕೆಳಗೆ ಮಡಚಿಟ್ಟಿದೆ ಅಂತ ನೋಡುವವರಿಗೂ ಗೊತ್ತಿತ್ತು. ಸೋದರಮಾವ ನನ್ನನ್ನು ಡೇರೆಯ ಹಿಂದೆ ಕರ್ಕೊಂಡು ಹೋಗಿ, ‘ನೋಡ್ಲಾ, ಟೀ ಕುಡೀತಾ ಕೂತವ್ಳೆ’ ಅಂತ ತೋರಿಸಿದ್ದ. ಅದೂ ಬುರುಡೆಯೇ. ಆದರೆ ಆ ಡೇರೆಯವನು ಮುಂದೊಂದು ದಿನ ‘ನಾಗಕನ್ಯೆಯರ ಉದ್ಧಾರಕ’ ಅಂತ ತನ್ನ ಜೀವನಚರಿತ್ರೆ ಮಾಡಿಸ್ಲಿಲ್ಲ. ಸಿನಿಮಾದವರು ಕಾಲ್ಪನಿಕ ಹೆಸರಿಟ್ಟು ಕಾಲ್ಪನಿಕ ಸರ್ಕಸ್ಸು ಮಾಡಬಹುದಿತ್ತು. ಯಾರು ಬೇಡ ಅಂದರು? ಆದರೆ ಅವರಿಗೆ ನಿಜವಾದ ಹೆಸರಿನ ತೂಕ ಬೇಕು, ನಿಜವಾದ ಲೆಕ್ಕ ಬೇಡ.

ಎರಡನೇದು: ‘ಆ ಕಾಲದಲ್ಲಿ ಅವರಿಗೆ ಬೇರೆ ಯಾರು ಸಂಬಳ ಕೊಡ್ತಿದ್ದರು?’ ಇದರಲ್ಲಿ ನಿಜ ಇದೆ, ಮುಚ್ಚಿಡಲ್ಲ. ಸ್ಟ್ರಾಟನ್ ಮುಂದೆ ಶ್ರೀಮಂತನಾದ. ಬಾರ್ನಮ್ ದಿವಾಳಿಯೆದ್ದಾಗ ಅವನ ಜೊತೆ ಪ್ರವಾಸ ಹೋಗಿ ಕೈ ಹಿಡಿದ. ಆದರೆ ಇಡೀ ವಾದದಲ್ಲಿ ಜಾಯ್ಸ್ ಹೆತ್ ಎಲ್ಲಿ? ಆಕೆಗೆ ಯಾವ ಸಂಬಳ? ಗೆದ್ದ ಒಬ್ಬನನ್ನು ತೋರಿಸಿ ಕೊಯ್ಯಿಸಿಕೊಂಡವಳನ್ನು ಮುಚ್ಚೋದು, ಐವತ್ತು ಲಕ್ಷದ ಪ್ಯಾಕೇಜ್ ಸಿಕ್ಕ ಒಬ್ಬ ಹುಡುಗನ ಫೋಟೋ ಹಾಕಿ ಕಾಲೇಜಿನ ಸೀಟು ಮಾರಿದ ಹಾಗೆ.

ಮೂರನೇದು: ‘ಮೆಸೇಜ್ ಒಳ್ಳೇದಲ್ವಾ? ಅದನ್ನ ತಗೋ, ಮಿಕ್ಕಿದ್ದು ಬಿಡು.’ ನನಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲೇ. ಆ ‘ಮೆಸೇಜ್’ ಯಾರ ಬಾಯಲ್ಲಿ ಬರುತ್ತೆ ನೋಡಿ. ಸಿರಿವಂತರ ಪಾರ್ಟಿಯಲ್ಲಿ ಬಾರ್ನಮ್ ತನ್ನ ಜನರ ಮುಖದ ಮೇಲೆ ಬಾಗಿಲು ಹಾಕ್ತಾನೆ. ಆಗ ಅವರು ‘ಇದೇ ನಾನು’ ಅಂತ ಹಾಡ್ತಾರೆ. ಅಲ್ಲಿಗೆ ಸಿನಿಮಾ ಅವರದಾಗಬೇಕಿತ್ತು. ಆದರೆ ಹೆಚ್ಚು ಹೊತ್ತಾಗಲ್ಲ, ಅದೇ ಜನ ಅವನು ಕುಡೀತಾ ಕೂತ ಬಾರಿಗೆ ಹುಡುಕಿಕೊಂಡು ಹೋಗಿ, ನೀನು ನಮಗೆ ಕುಟುಂಬ ಕೊಟ್ಟೆ ಅಂತ ಸಮಾಧಾನ ಮಾಡ್ತಾರೆ. ಬಾಗಿಲು ಹಾಕಿದವನು ಕ್ಷಮೆ ಕೇಳೋದಕ್ಕಿಂತ ಮುಂಚೆ ಹಾಕಿಸಿಕೊಂಡವರು ಧನ್ಯವಾದ ಹೇಳ್ತಾರೆ. ಜಗತ್ತಿನ ಎಲ್ಲ ಮ್ಯಾನೇಜ್‌ಮೆಂಟುಗಳ ಕನಸಿನ ದೃಶ್ಯ ಇದು. ನಮ್ಮ ಕಂಪನಿ ಪಾಪ್‌ಕಾರ್ನ್ ಕೊಡಿಸಿ ತೋರಿಸಿದ್ದು ಸುಮ್ಮನೆ ಅಲ್ಲ.

ಈಗ ನನ್ನ ಕಥೆ. ಅದೇ ಆನ್ಯುಯಲ್ ಡೇಗೆ ‘ನನ್ನ ಜರ್ನಿ’ ಅಂತ ಒಂದು ಕಾರ್ಯಕ್ರಮ ಇತ್ತು. ಹಳ್ಳಿಯಿಂದ ಬಂದವನು ಅಂತ ನನ್ನನ್ನು ಆರಿಸಿದರು. ನಾನು ಬರೆದುಕೊಟ್ಟದ್ದು ಒಂದು ಪ್ಯಾರಾ: ಅಪ್ಪನದು ರಾಗಿ ಹೊಲ, ನಾಲ್ಕು ತೆಂಗಿನ ಮರ, ಸರ್ಕಾರಿ ಶಾಲೆ, ಸಿಇಟಿ, ಬಿಇ. ವಾಪಸ್ ಬಂದ ಸ್ಕ್ರಿಪ್ಟಿನಲ್ಲಿ ನಾನು ಬೀದಿ ದೀಪದ ಕೆಳಗೆ ಓದಿದ್ದೆ.

‘ಮೇಡಂ, ನಮ್ಮನೇಲಿ ಕರೆಂಟ್ ಇತ್ತು. ವೋಲ್ಟೇಜು ಕಮ್ಮಿ ಅಷ್ಟೇ’ ಅಂದೆ.

‘ಗೊತ್ತು, ಆದ್ರೆ ಆಡಿಯನ್ಸಿಗೆ ಎಮೋಷನಲ್ ಕನೆಕ್ಟ್ ಬೇಕಲ್ವಾ?’ ಅಂದರು.

ನಾನೇನು ಮಾಡಿದೆ? ಸ್ಟೇಜ್ ಹತ್ತಿ ಬೀದಿ ದೀಪದ ಕಥೆಯನ್ನೇ ಹೇಳಿದೆ. ಗಂಟಲು ಕಟ್ಟಿದ ಹಾಗೂ ಮಾಡಿದೆ. ಎದ್ದು ನಿಂತು ಚಪ್ಪಾಳೆ ಹೊಡೆದರು. ಎರಡು ಸಾವಿರದ ಗಿಫ್ಟ್ ವೋಚರ್ ಸಿಕ್ಕಿತು, ತಗೊಂಡೆ. ಖುಷಿಯೂ ಆಯ್ತು, ಸುಳ್ಳು ಯಾಕೆ ಹೇಳಲಿ.

ವಿಡಿಯೋ ಹೇಗೋ ವಾಟ್ಸಾಪಿನಲ್ಲಿ ಊರಿಗೆ ಹೋಯ್ತು. ಭಾನುವಾರ ಅಪ್ಪ ಫೋನ್ ಮಾಡಿದರು. ಮಳೆ, ರಾಗಿ ರೇಟು ಎಲ್ಲ ಮಾತಾಡಿ ಕೊನೆಗೆ ಕೇಳಿದರು: ‘ಅಲ್ಲ ಕಣಪ್ಪ, ನಮ್ಮೂರಲ್ಲಿ ಬೀದಿ ದೀಪ ಎಲ್ಲಿತ್ತು?’ ನಾನು ನಕ್ಕೆ. ಅವರು ನಗಲಿಲ್ಲ. ‘ನೀನು ಓದೋ ಅಷ್ಟು ವರ್ಷ ಒಂದು ತಿಂಗಳೂ ತಪ್ಪಿಸ್ದೆ ಕರೆಂಟ್ ಬಿಲ್ ಕಟ್ಟಿದೀನಿ’ ಅಂದರು. ಆಮೇಲೆ ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟರು.

ನನ್ನದನ್ನು ಜಾಯ್ಸ್ ಹೆತ್ ಪಾಡಿನ ಪಕ್ಕ ಇಡ್ತಿಲ್ಲ. ಆಕೆಯನ್ನು ಕೊಂಡರು, ನಾನು ಮಾರಿಕೊಂಡೆ. ಬೆಟ್ಟದಷ್ಟು ವ್ಯತ್ಯಾಸ ಇದೆ. ಆದರೆ ಒಂದು ವಿಷಯ ಅವತ್ತು ತಲೆಗೆ ಹೋಯ್ತು. ‘ಒಳ್ಳೇ ಮೆಸೇಜಿಗೋಸ್ಕರ ಒಂದು ಸಣ್ಣ ಸುಳ್ಳು’ ಅಂತೀವಲ್ಲ, ಆ ಸುಳ್ಳಿನ ಕೆಳಗೆ ಯಾರೋ ಒಬ್ಬರು ಅಳಿಸಿಹೋಗಿರ್ತಾರೆ. ನನ್ನ ಬೀದಿ ದೀಪ ಹೊತ್ತಿಸಲಿಕ್ಕೆ ಅಪ್ಪ ಕಟ್ಟಿದ ಅಷ್ಟೂ ಬಿಲ್ಲು ಆರಿಸಬೇಕಾಯ್ತು. ಬಾರ್ನಮ್ಮನನ್ನು ಹೀರೋ ಮಾಡಲಿಕ್ಕೆ ಆ ಅಜ್ಜಿಯನ್ನು, ನಾಲ್ಕು ವರ್ಷದ ಮಗುವನ್ನು, ಟ್ಯಾಂಬೋನನ್ನು ಅಳಿಸಬೇಕಾಯ್ತು.

ಮಜಾ ಏನಂದ್ರೆ, ಸುಳ್ಳು ಬೇಕಾಗಿಯೇ ಇರಲಿಲ್ಲ. 1865ರಲ್ಲಿ ಇದೇ ಬಾರ್ನಮ್ ಕನೆಕ್ಟಿಕಟ್ ಶಾಸನಸಭೆಯ ಸದಸ್ಯನಾಗಿ ಕಪ್ಪು ಜನರಿಗೆ ಮತದಾನದ ಹಕ್ಕು ಕೊಡಬೇಕು ಅಂತ ವಾದಿಸಿದ. ತಾನೂ ದಕ್ಷಿಣದಲ್ಲಿ ತಿರುಗಾಡುವಾಗ ಗುಲಾಮರನ್ನು ಇಟ್ಟುಕೊಂಡಿದ್ದೆ, ಹೊಡೆದಿದ್ದೆ, ಆ ಏಟು ನನಗೇ ಬೀಳಬೇಕಿತ್ತು ಅನ್ನುವ ಅರ್ಥದಲ್ಲಿ ಒಪ್ಪಿಕೊಂಡ. ಹಾಗೆ ಒಪ್ಪಿಕೊಂಡವನ ಸರ್ಕಸ್ಸೇ ಮುಂದೆ ಟ್ಯಾಂಬೋನನ್ನು ತಂದು ನಿಲ್ಲಿಸಿತು. ನಾಚಿಕೆಯೂ ಗೊತ್ತಿದ್ದ, ಲಾಭವನ್ನೂ ಬಿಡದ ಮನುಷ್ಯ. ಸಿನಿಮಾಕ್ಕೆ ಇದಕ್ಕಿಂತ ದೊಡ್ಡ ಪಾತ್ರ ಬೇಕಾ? ಆ ಬಾರ್ನಮ್ಮನನ್ನು ನೋಡಿದ್ದರೆ ನಾವು ಸೀಟಿನಲ್ಲಿ ಮಿಸುಕಾಡ್ತಿದ್ದೆವು. ಮಿಸುಕಾಡಿಸಿದರೆ ಟೀಮ್ ಔಟಿಂಗಿಗೆ ಯಾರು ಬುಕ್ ಮಾಡ್ತಾರೆ?

ಸಿನಿಮಾದ ಕೊನೆಗೆ ಬಾರ್ನಮ್ ತನ್ನ ಟೋಪಿ ತೆಗೆದು ಕಾರ್ಲೈಲನಿಗೆ ಕೊಡ್ತಾನೆ. ‘ಟೋಪಿ ಹಾಕೋದು’ ಅಂದ್ರೆ ಕನ್ನಡದಲ್ಲಿ ಏನು ಅಂತ ನಿಮಗೆ ಹೇಳಬೇಕಿಲ್ಲ. ನೀವು ಸಿನಿಮಾ ನೋಡಬೇಡಿ ಅಂತ ನಾನು ಹೇಳಲ್ಲ. ನೋಡಿ, ಹಾಡಿಗೆ ಕಾಲು ಆಡಿಸಿ. ಆದರೆ ಮುಂದಿನ ಸಲ ಆಫೀಸಿನ ಸ್ಟೇಜಿನ ಮೇಲೆ ಆ ಹಾಡು ಬಂದಾಗ ಜಾಯ್ಸ್ ಹೆತ್ ಅನ್ನುವ ಹೆಸರು ಒಮ್ಮೆ ನೆನಪಿಗೆ ಬರಲಿ. ಮತ್ತೆ ನಿಮ್ಮ ‘ಜರ್ನಿ’ ಬರೆದುಕೊಡಿ ಅಂತ ಯಾರಾದರೂ ಕೇಳಿದರೆ, ಕಳಿಸೋದಕ್ಕೆ ಮುಂಚೆ ಒಂದು ಸಲ ಮನೆಗೆ ಫೋನ್ ಮಾಡಿ, ಅಪ್ಪನಿಗೆ ಓದಿ ಹೇಳಿ. ನಾನು ಮಾಡಲಿಲ್ಲ.